ಖಾಲಿ ಫೋನಿನೊಳಗೆ ಒಂದಚ್ಚು ಬೆಲ್ಲ

ನಾನು ಮೊದಲ ಸಲ ಎದ್ದು ಹೊರಟದ್ದು ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ. ಅಂದು ಗುರುವಾರ. ಪ್ರಶ್ನೆಪತ್ರಿಕೆ ಕೈಗೆ ಬಂತು, ಪೂರ್ತಿ ಓದಿದೆ, ಮಡಿಸಿ ಬೆಂಚಿನ ಮೇಲಿಟ್ಟೆ, ಕಿರುಬೆರಳೆತ್ತಿ ಹೊರಗೆ ಬಂದವನು ಕುಂದೂರಿನ ಬಸ್ಸು ಹತ್ತಿದೆ. ಆಮೇಲೆ ಹೋಟೆಲಿನಲ್ಲಿ ಲೋಟ ತೊಳೆದೆ, ಹೆತ್ತೂರಿನ ಎಸ್ಟೇಟಿನಲ್ಲಿ ಮೆಣಸು ಕುಯ್ಯುವವರ ಏಣಿ ಹೊತ್ತೆ, ಮದುವೆ ಮನೆಗಳಿಗೆ ಶಾಮಿಯಾನ ಕಟ್ಟಿದೆ. ಬೇಸರ ಬಂದಾಗ ಬಿಟ್ಟೆ. ಬಿಡಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡರೆ ಅದೇ ರಾಜೀನಾಮೆ.

ಕೆಲಸ ಬಿಡುವುದೂ ಒಂದು ಕೆಲಸವೆಂದು ನನಗೆ ತಿಳಿದದ್ದು ಪಾಳ್ಯದ ಆನೆ ಸುಳಿವು ಸಹಕಾರ ಸಂಘದಲ್ಲಿ.

ನಮ್ಮ ಕಡೆ ಆನೆಗಳಿವೆ. ಇದು ದೂರಲ್ಲ, ಮಳೆ ಇದೆ, ಜಿಗಣೆ ಇದೆ ಅನ್ನುವ ಹಾಗೆ ಒಂದು ಮಾತು. ಯಾವ ಆನೆ ಈ ಹೊತ್ತು ಯಾರ ಗದ್ದೆಯಲ್ಲಿದೆ ಎಂದು ಜನರಿಗೆ ಮುಂಚಿತವಾಗಿ ತಿಳಿಸುವುದು ಸಂಘದ ಘನ ಉದ್ದೇಶ. ಒಂದು ಆನೆಗೆ ಒಂದು ಫೋನು, ಒಂದು ಫೋನಿಗೆ ಒಬ್ಬ ಮನುಷ್ಯ. ನನ್ನ ಪಾಲಿಗೆ ಬಂದದ್ದು ಗಂಗಾಮಣಿ ಎಂಬ ಹೆಣ್ಣಾನೆ. ಆ ಹೆಸರನ್ನು ಸಂಘವೇ ಠರಾವು ಮಾಡಿ ಇಟ್ಟಿತ್ತು. ಠರಾವಿನ ಪ್ರತಿಯನ್ನು ಆನೆಗೆ ಕಳಿಸಿರಲಿಲ್ಲ.

ಸಂಘದ ಫೋನು ಹಿಡಿದು ಅವಳ ಹಿಂದೆ, ಮರ್ಯಾದೆಯ ದೂರದಲ್ಲಿ, ನಡೆಯಬೇಕು. ವಾಟ್ಸಾಪ್ ಗುಂಪಿಗೆ ಬರೆಯಬೇಕು. ‘ಗಂಗಾಮಣಿ ಕೆರೆ ಏರಿ ಮೇಲೆ. ಪಾಳ್ಯದ ಕಡೆ ಮುಖ. ಯಾರೂ ಬರಬೇಡಿ.’ ‘ಗಂಗಾಮಣಿ ಶುಂಠಿ ಗದ್ದೆ ದಾಟಿದಳು. ಮಕ್ಕಳು ಸ್ಕೂಲಿಗೆ ಹೋಗಬಹುದು.’ ಒಮ್ಮೆ ಅವಳು ಯಾರದೋ ಅಡುಗೆಮನೆ ಕಿಟಕಿಯೊಳಗೆ ಸೊಂಡಿಲು ಹಾಕಿ ಬೆಲ್ಲದ ಡಬ್ಬ ಎಳೆದಿದ್ದಳು. ಅಲ್ಲಿಂದೀಚೆಗೆ ಬೆಲ್ಲದ ವಾಸನೆ ಬಂದರೆ ಗೋಡೆಗೆ ಒರಗುವ ಅಭ್ಯಾಸ ಆಕೆಗೆ. ಅದನ್ನೂ ಬರೆದಿದ್ದೆ: ‘ಬೆಲ್ಲ ಇಟ್ಟುಕೊಂಡವರು ದಯವಿಟ್ಟು ಮುಚ್ಚಿಡಿ.’

ನಡೆಯುವ ಕೆಲಸವಾದ್ದರಿಂದ ನನಗೆ ಹಿಡಿಸಿತ್ತು. ಆದರೆ ಎಷ್ಟು ನಡೆದರೂ ಮುಂದೆ ಅದೇ ಆನೆ. ಹಾಗಿರುವಾಗ ಗುರು ಸಿಕ್ಕಿದ. ಶುಂಠಿ ಲಾರಿಯ ಡ್ರೈವರ್.

“ಕ್ಲೀನರ್ ಓಡೋಗ್ಬುಟ್ಟ ಕಣೋ ನಂಜುಂಡ. ಶುಂಠಿ ತೊಳ್ದು ಲೋಡಾದ ತಕ್ಷಣ ಹೊಂಡ್ತೀನಿ. ಸೊಲ್ಲಾಪುರ, ನಾಗಪುರ, ಆಮೇಲೆ ರೋಡು ಎಲ್ಲಿಗೋಯ್ತದೋ ಅಲ್ಲಿಗೆ. ಬತ್ತೀಯಾ?”

ನಾಗಪುರ ಎಂಬ ಮಾತು ಕಿವಿಗೆ ಬಿದ್ದದ್ದೇ ಅಂಗಾಲು ತುರಿಸಿತು.

“ಆದ್ರೆ ಅಸ್ಲಿ ಆಧಾರ್ ಕಾರ್ಡು ತಗಂಡ್ ಬಾ ಮಾರಾಯ. ಜೆರಾಕ್ಸ್ ತೋರ್ಸಿದ್ರೆ ಓನರ್ರು ಲಾರಿ ಹತ್ಸಲ್ಲ.”

ಅಸಲಿ ಆಧಾರ್ ಕಾರ್ಡು ಸಂಘದ ಬೀರುವಿನಲ್ಲಿತ್ತು. ಫೋನು ಕೊಟ್ಟ ದಿನವೇ ಅದನ್ನು ಒತ್ತೆ ಇಟ್ಟುಕೊಂಡಿದ್ದರು. ಫೋನು ವಾಪಸು ಬಂದರೆ ಕಾರ್ಡು ವಾಪಸು. ಇದಕ್ಕಿಂತ ಸುಲಭದ್ದು ಇನ್ನೇನಿದೆ ಎಂದುಕೊಂಡು ಮಂಗಳವಾರ ಬೆಳಿಗ್ಗೆ ಕಚೇರಿಗೆ ಹೋದೆ.

ಸಂಘದ ಕಾರ್ಯದರ್ಶಿ ಯೋಗಾನಂದ ಅವರು ಆನೆಗಳ ವಿಷಯದಲ್ಲಿ ಆಳವಾದ ಅನುಭವವುಳ್ಳವರು. ಆನೆಯನ್ನು ಮಾತ್ರ ನೋಡಿರಲಿಲ್ಲ. ಅವರು ನಿಯಮಾವಳಿ ತೆಗೆದು ನಿಂತುಕೊಂಡೇ ಓದಿದರು.

“ಸಂಘದ ಫೋನನ್ನು ಕೊಟ್ಟಾಗ ಇದ್ದಂತೆಯೇ, ಅಂದರೆ ಸಂಪೂರ್ಣ ಬರಿದಾಗಿ, ಹಿಂದಿರುಗಿಸತಕ್ಕದ್ದು. ಬರಿದು ಎಂದರೆ ಫೋಟೋ, ಧ್ವನಿ, ಹೆಸರು, ನೆನಪು ಇತ್ಯಾದಿ ಯಾವುದೂ ಇರತಕ್ಕದ್ದಲ್ಲ. ಕೇಳಿಸ್ತೇನಯ್ಯ?”

“ಕೇಳಿಸ್ತು ಸಾ.”

“ಸ್ಟೋರಿನಲ್ಲಿ ಇಂದ್ರಮ್ಮನವರ ಸಹಿ. ಆಮೇಲೆ ನನ್ನ ಸಹಿ. ಎರಡೂ ಆದರೆ ಕಾರ್ಡು.”

ಕಂಪ್ಯೂಟರ್ ನೋಡಿಕೊಳ್ಳುವ ನವ್ಯಶ್ರೀ ಫೋನು ಇಸಿದುಕೊಂಡಳು. ಸೆಟ್ಟಿಂಗ್ಸಿಗೆ ಹೋಗಿ, ರೀಸೆಟ್ ಎಂಬಲ್ಲಿ ಒತ್ತಿ, ನಿಜವಾಗಿಯೂ ಅಳಿಸಲೇ ಎಂದು ಅದು ಕೇಳಿದ್ದಕ್ಕೆ ನನ್ನ ಮುಖ ನೋಡದೆ ಹೂಂ ಅಂದಳು. ಕೆರೆ ಏರಿ, ಶುಂಠಿ ಗದ್ದೆ, ಬೆಲ್ಲದ ಡಬ್ಬ, ಎರಡು ಮಳೆಗಾಲದ ನನ್ನ ನಡಿಗೆ, ಎಲ್ಲವೂ ಟೀ ಆರುವಷ್ಟರಲ್ಲಿ ಹೋಯಿತು. ಫೋನು ‘ನಮಸ್ಕಾರ’ ಎಂದು ಮೊದಲ ಸಲ ಕಂಡವರಂತೆ ಮಾತಾಡಿಸಿತು.

ಸ್ಟೋರಿನ ಇಂದ್ರಮ್ಮ ಟಾರ್ಚು, ಹಗ್ಗ, ಪಟಾಕಿಗಳ ನಡುವೆ ಕೂತಿದ್ದರು. ಫೋನು ತಗೊಂಡು ಅತ್ತ ಸರಿಸಿದರು, ಇತ್ತ ಸರಿಸಿದರು.

“ಏನೂ ಇಲ್ವಲ್ಲೋ ಇದ್ರಲ್ಲಿ!”

“ಇರ್ಬಾರ್ದು ಇಂದ್ರಕ್ಕ. ಖಾಲಿ ಮಾಡಿ ತಂದೀನಿ.”

“ಖಾಲೀದು ತಂದು ಕೈಗೆ ಕೊಡ್ತೀಯಾ? ಅದೂ ಮಂಗಳವಾರ? ನಿಮ್ಮವ್ವ ನಿಂಗೆ ಇಷ್ಟೇನಾ ಕಲ್ಸಿದ್ದು?”

ಆಕೆಯ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ಕಡೆ ಇಸಿದುಕೊಂಡ ಪಾತ್ರೆಯನ್ನು ಬರಿದಾಗಿ ಯಾರೂ ಹಿಂದಿರುಗಿಸುವುದಿಲ್ಲ. ಸೇರು ಕೊಡುವಾಗ ತಳದಲ್ಲಿ ನಾಲ್ಕು ಕಾಳು ಬಿಡುತ್ತಾರೆ. ಹಾಲಿನ ತಂಬಿಗೆಗೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. ಕೊಟ್ಟವರ ಮನೆ ಬರಿದಾಗಬಾರದು ಎಂಬುದು ಅದರ ಅರ್ಥ. ಇಂದ್ರಮ್ಮನ ಸ್ಟೋರಿಗೆ ಇದುವರೆಗೆ ಒಂದು ಟಾರ್ಚು ಕೂಡ ಸೆಲ್ಲಿಲ್ಲದೆ ವಾಪಸು ಬಂದಿರಲಿಲ್ಲ. ಸೆಲ್ಲು ಸತ್ತಿರುತ್ತಿತ್ತು, ಅದು ಬೇರೆ.

“ಏನಾದ್ರೂ ಹಾಕ್ಕೊಂಡ್ ಬಾ. ಆಮೇಲೆ ಸಹಿ.”

ಅಂಗಡಿಗೆ ಹೋಗಿ ಒಂದಚ್ಚು ಬೆಲ್ಲ ತಂದು, ಎಲೆಯ ಮೇಲಿಟ್ಟು ಫೋಟೋ ತೆಗೆದೆ. ಇಂದ್ರಮ್ಮ ನೋಡಿ, “ಈಗ ಲಕ್ಷಣವಾಗೈತೆ” ಎಂದು ಸಹಿ ಹಾಕಿದರು. ನಾನು ಕಾರ್ಯದರ್ಶಿಗಳ ಮೇಜಿಗೆ ಓಡಿದೆ. ಅವರು ಫೋನು ತೆರೆದರು.

“ಇದೇನಯ್ಯ?”

“ಬೆಲ್ಲ ಸಾ.”

“ಬೆಲ್ಲ ಅಂತ ನನಗೂ ಕಾಣ್ತದೆ. ಬರಿದಾದ ಫೋನಿನಲ್ಲಿ ಬೆಲ್ಲ ಇರುವುದಿಲ್ಲ. ಅಳಿಸು.”

ಅಳಿಸಿದ್ದರಿಂದ ಇಂದ್ರಮ್ಮ ತಮ್ಮ ಸಹಿಯನ್ನು ಹೊಡೆದುಹಾಕಿದರು. ಮತ್ತೆ ಬೆಲ್ಲ ಹಾಕಿದೆ. ಕಾರ್ಯದರ್ಶಿಗಳು ಮತ್ತೆ ರೀಸೆಟ್ ಮಾಡಿಸಿದರು. ಹೀಗೆ ಫೋನು ವಾರವೆಲ್ಲ ತುಂಬುತ್ತಾ ಬರಿದಾಗುತ್ತಾ ವರಾಂಡದ ಈ ತುದಿಯಿಂದ ಆ ತುದಿಗೆ ಓಡಾಡಿತು. ಬೆಲ್ಲದಚ್ಚು ನನ್ನ ಜೇಬಿನಲ್ಲೇ ಇದ್ದು ಅಂಗಿಗೆ ಇರುವೆ ಹತ್ತಿತು. ನಡುವೆ ನವ್ಯಶ್ರೀ ಒಂದು ಉಪಾಯ ಹೇಳಿದಳು: “ಖಾಲಿ ತಟ್ಟೆ ಫೋಟೋ ಹಾಕು. ಇಬ್ಬರಿಗೂ ಆಗುತ್ತೆ.” ಹಾಕಿದೆ. ಇಂದ್ರಮ್ಮ ನನಗೆ ಹೊಡೆಯಲು ಹಗ್ಗದ ಸುರುಳಿ ಎತ್ತಿದರು.

ಅತ್ತ ಗುರು ದಿನಾ ಅಂಗಡಿಗೆ ಫೋನು ಮಾಡಿ ಅಂಗಡಿಯವನಿಂದ ನನಗೆ ಹೇಳಿಸುತ್ತಿದ್ದ. “ಶುಂಠಿ ತೊಳೀತಾವ್ರೆ ಅನ್ನು.” “ಅರ್ಧ ಲೋಡಾಯ್ತು ಅನ್ನು.”

ಇಷ್ಟರಲ್ಲಿ ಗಂಗಾಮಣಿಯ ಒಂದೇ ಫೋನು ವರಾಂಡದಲ್ಲಿ ಓಡಾಡುತ್ತಿದ್ದುದರಿಂದ ಗುಂಪಿಗೆ ಅವಳ ಸುಳಿವು ಹೋಗುತ್ತಿರಲಿಲ್ಲ. ಕಚೇರಿಯ ಹಿಂದಿನ ಓಣಿಯ ಬೆಟ್ಟಮ್ಮ ಬಂದಳು. ಅವಳಿಗಿರುವುದು ಒಂದು ತುಂಡು ಗದ್ದೆ, ಅದರ ಬದುವಿಗೆ ಬಾಳೆ.

“ಸೆಕ್ರೆಟ್ರಪ್ಪಾ, ಆನೆ ಬಂದು ನನ್ನ ಬಾಳೆ ಎಲ್ಲಾ ಮುರ್ದಾಕ್ಬುಟ್ಟೈತೆ.”

ಯೋಗಾನಂದರು ಗುಂಪನ್ನು ಮೇಲಿಂದ ಕೆಳಗೆ ನೋಡಿದರು. “ಬಂದಿಲ್ಲ ತಾಯಿ. ಮೆಸೇಜ್ ಇಲ್ಲ.”

“ಮೆಸೇಜ್ ಇಲ್ದಿದ್ರೇನು, ಲದ್ದಿ ಐತೆ.”

“ಲದ್ದಿಯನ್ನು ಪರಿಗಣಿಸಲು ನಿಯಮದಲ್ಲಿ ಅವಕಾಶ ಇಲ್ಲ.”

“ಹಂಗಾದ್ರೆ ನನ್ನ ಬಾಳೆ ತಿಂದಿದ್ದು ಯಾರು? ನೀವ್ ಬಂದಿದ್ರಾ?”

ಕಾರ್ಯದರ್ಶಿಗಳು ಈ ಸಾಧ್ಯತೆಯನ್ನು ಲಿಖಿತವಾಗಿ ಅಲ್ಲಗಳೆದರು.

ಬಿಕ್ಕಟ್ಟನ್ನು ಅಧ್ಯಕ್ಷರ ಗಮನಕ್ಕೆ ತರಲಾಯಿತು. ಅಧ್ಯಕ್ಷ ಕೃಷ್ಣಪ್ಪನವರು ಹೆತ್ತೂರಿನ ಪ್ಲಾಂಟರು. ತೋಟದೊಳಗೆ ಹೋಂಸ್ಟೇ ಇಟ್ಟವರು. ನವ್ಯಶ್ರೀ ಅವರಿಗೆ ಫೋನು ಮಾಡಿ ಸ್ಪೀಕರ್ ಹಾಕಿದಳು.

“ನಿಯಮಾನೂ ಸರಿ ಕಣ್ರೀ, ಇಂದ್ರಮ್ಮನೂ ಸರಿ,” ಎಂದಿತು ಅಧ್ಯಕ್ಷರ ದನಿ. “ಇಬ್ಬರ ಸಹಿನೂ ಬೇಕು. ಒಂದೇ ಸ್ಥಿತಿಯಲ್ಲಿ ಬೇಕು. ಅರ್ಜೆಂಟೇನೂ ಇಲ್ಲ. ಆ ಗಂಗಾಮಣಿ ಮೆಸೇಜು ನಿಂತ ಮೇಲೆ ನಮ್ಮ ರೂಮೆಲ್ಲಾ ಭರ್ತಿ. ಮೊದ್ಲು ಗೆಸ್ಟುಗಳು ಮೆಸೇಜ್ ನೋಡಿ ಗೇಟಿಂದ್ಲೇ ವಾಪಸ್ ಹೋಗೋರು.”

ಅಂದು ಮಧ್ಯಾಹ್ನ ಅಂಗಡಿಯವನು ಕೂಗಿ ಹೇಳಿದ: “ನಂಜುಂಡಾ, ಲೋಡಾಗೋಯ್ತಂತೆ. ಟಾರ್ಪಾಲ್ ಕಟ್ತಾವ್ನಂತೆ. ಸಂಜೆ ಒಳ್ಗೆ ಬರ್ದಿದ್ರೆ ಬೇರೆಯೋನ್ನ ಹತ್ತಿಸ್ಕೋತಾನಂತೆ.”

ನಾನು ಕೊನೆಯ ಸಲ ಬೆಲ್ಲದ ಫೋಟೋ ತೆಗೆದು ಇಂದ್ರಮ್ಮನ ಮುಂದಿಟ್ಟು, ಕಾಲಿಗೆ ಬೀಳುವುದೊಂದು ಬಾಕಿ, ಅಂಗಲಾಚಿದೆ. “ಇಂದ್ರಕ್ಕ, ಲಾರಿ ಹೋದ್ರೆ ನಾನು ಇಲ್ಲೇ. ಈ ಆನೆ ಹಿಂದೇನೇ ಮುದುಕ ಆಗ್ತೀನಿ.”

ಇಂದ್ರಮ್ಮನ ಮನಸ್ಸು ಕರಗಿತು. “ಅಳಿಸ್ದೇ ಇರೋ ಹಂಗೆ ಮಾಡ್ತೀನಿ ತಡಿ,” ಎಂದು, ಫೋನಿನೊಳಗೆ ಎಲ್ಲಿಗೋ ಹೋಗಿ ಏನನ್ನೋ ಒತ್ತಿದರು. ಪರದೆಯ ಮೇಲೆ ಬೀಗಕ್ಕೆಂದು ಚುಕ್ಕಿಗಳು ಬಂದವು: ಮೂರು ಸಾಲು, ಸಾಲಿಗೆ ಮೂರು. ಚುಕ್ಕಿ ಕಂಡದ್ದೇ ಆಕೆಯ ಬೆರಳು ತಾನಾಗಿ ಹರಿಯಿತು. ದಿನಾ ಬೆಳಿಗ್ಗೆ ಬಾಗಿಲಲ್ಲಿ ಎಳೆಯುವ ರಂಗೋಲಿಯಂತೆ ಸರಸರ ಗೆರೆ ಎಳೆದರು. ಇನ್ನೊಮ್ಮೆ ಎಳೆ ಅಂದಿತು ಫೋನು. ಬೆರಳಿನ ಬಿಸಿ ಆರುವ ಮೊದಲೇ ಇನ್ನೊಮ್ಮೆ ಎಳೆದರು. ಬೀಗ ಬಿತ್ತು.

ಕಾರ್ಯದರ್ಶಿಗಳು ಬೀಗ ಕಂಡು ಕನಲಿದರು. “ಬೀಗ ಹಾಕಿದರೆ ಅಳಿಸಲಾಗುವುದಿಲ್ಲ ಅಂದುಕೊಂಡಿರಾ? ನವ್ಯಶ್ರೀ, ಪಕ್ಕದ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಅಳಿಸಮ್ಮ.”

ಒತ್ತಿ ಹಿಡಿದಳು. ಫೋನು ಕಪ್ಪಾಯಿತು, ಬೆಳಗಿತು, ನಮಸ್ಕಾರ ಅಂದಿತು. ಆಮೇಲೆ ಹಿಂದೆಂದೂ ಕೇಳದ ಒಂದು ಪ್ರಶ್ನೆ ಕೇಳಿತು: ಈ ಫೋನು ನಿಮ್ಮದೇ ಎಂದು ನನಗೆ ಹೇಗೆ ಗೊತ್ತು? ಹಿಂದಿನ ಬೀಗದ ಗೆರೆಯನ್ನು ಎಳೆಯಿರಿ.

ಎಲ್ಲರೂ ಇಂದ್ರಮ್ಮನನ್ನು ನೋಡಿದೆವು.

“ನಂಗೇನ್ ಗೊತ್ತು?” ಎಂದರು ಇಂದ್ರಮ್ಮ. “ರಂಗೋಲಿನ ದಿನಾ ಗುಡಿಸಿ ಹೊಸ್ದು ಹಾಕ್ತೀವಿ. ಹಾಕಿದ್ನೆಲ್ಲ ಯಾರು ನೆನಪಿಟ್ಕತಾರೆ?”

ಕಾರ್ಯದರ್ಶಿಗಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂಬತ್ತು ಚುಕ್ಕಿ ಇಡಿಸಿ ಆಕೆಯಿಂದ ಎಳೆಸಿ ನೋಡಿದರು. ಒಮ್ಮೆ ಹೂವು ಬಂತು, ಒಮ್ಮೆ ದೀಪ ಬಂತು. ಫೋನು ಯಾವುದನ್ನೂ ಒಪ್ಪಲಿಲ್ಲ. ನನ್ನ ನಾಗಪುರ ಕಣ್ಣೆದುರೇ ಕರಗುತ್ತಿತ್ತು. ಆಗ ನಾನು, ಏಳನೇ ಕ್ಲಾಸಿನ ಗಣಿತ ಬಿಟ್ಟವನು, ಬೇರೇನೂ ತೋಚದೆ ಕೇಳಿದೆ:

“ಸಾ, ಈಗ ಇದ್ರೊಳ್ಗೆ ಏನೈತೆ?”

“ಏನಿದೆ ಅಂತ ಹೇಗೆ ಹೇಳೋದು? ತೆಗೆಯೋಕೇ ಆಗಲ್ಲವಲ್ಲ.”

“ಬೆಲ್ಲ ಐತೆ ಅಂತ ಆಡಿಟ್‌ನೋರು ಹೇಳ್ಬಹುದಾ?”

ಯೋಗಾನಂದರು ಕನ್ನಡಕ ತೆಗೆದು ಒರೆಸಿದರು. “ಹೇಳಲಾರರು. ಅಳಿಸಲು ಆದೇಶ ಆಗಿದೆ. ಆದ್ದರಿಂದ ಬರಿದು.”

“ಇಂದ್ರಕ್ಕ, ಇದು ಖಾಲಿ ಐತೆ ಅಂತ ನಿಮ್ಗೆ ಯಾರಾದ್ರೂ ತೋರ್ಸಕ್ಕಾಯ್ತದಾ?”

“ಅದೆಂಗಾಯ್ತದೆ? ನಾನೇ ಕೈಯಾರೆ ಬೆಲ್ಲ ಇಟ್ಟು ಬೀಗ ಹಾಕಿವ್ನಿ.”

ಇಬ್ಬರೂ ಒಂದೇ ಪೆನ್ನಿನಲ್ಲಿ, ಒಬ್ಬರಾದ ಮೇಲೆ ಒಬ್ಬರು, ಸಹಿ ಹಾಕಿದರು. ಬೀರು ತೆರೆಯಿತು. ನನ್ನ ಆಧಾರ್ ಕಾರ್ಡಿನ ಫೋಟೋದಲ್ಲಿದ್ದ ಮನುಷ್ಯ ಆಗಲೇ ಎಲ್ಲಿಗೋ ಹೊರಟವನಂತೆ ಕಾಣುತ್ತಿದ್ದ.

ಸಂಘ ಇದನ್ನು ಇಲ್ಲಿಗೇ ಬಿಡಲಿಲ್ಲ. ನಾನು ವರಾಂಡ ದಾಟುವ ಮೊದಲೇ ಪ್ರಕಟಣೆ ಅಂಟಿಸಿದರು: ‘ಸಂಘದ ಎಲ್ಲ ಫೋನುಗಳನ್ನೂ ಇನ್ನು ಮುಂದೆ ಇದೇ ಆದರ್ಶ ಸ್ಥಿತಿಯಲ್ಲಿ ಇಡತಕ್ಕದ್ದು. ಬೀಗವನ್ನು ಇಂದ್ರಮ್ಮನವರಿಂದಲೇ ಹಾಕಿಸತಕ್ಕದ್ದು. ಸುಳಿವು ಬಾರದ ಆನೆಯನ್ನು ಇಲ್ಲವೆಂದು ಭಾವಿಸತಕ್ಕದ್ದು. ಆನೆ ಹಾವಳಿ ಪೂರ್ಣವಾಗಿ ನಿಂತ ಬಗ್ಗೆ ಸಾರ್ವಜನಿಕರಿಗೆ ಅಭಿನಂದನೆಗಳು.’ ಅಧ್ಯಕ್ಷರು ಅದರ ಫೋಟೋ ತರಿಸಿಕೊಂಡು ಹೋಂಸ್ಟೇ ಜಾಹೀರಾತಿಗೆ ಹಾಕಿದರೆಂದು ನವ್ಯಶ್ರೀ ಹೇಳಿದಳು.

ನಾನಿದ್ದದ್ದು ಸ್ಟೋರಿನ ಹಿಂದಿನ ಮಣ್ಣಿನ ಗೋಡೆಯ ಕೋಣೆಯಲ್ಲಿ. ಎರಡು ಅಂಗಿ, ಕಂಬಳಿ, ರೇಜರು. ಚೀಲಕ್ಕೆ ತುಂಬುತ್ತಿರುವಾಗ ಬೆಟ್ಟಮ್ಮ ಕಿಟಕಿಯ ಹೊರಗೆ ಹುಲ್ಲಿನ ಹೊರೆ ಹೊತ್ತು ಬಂದಳು. ಹಿಂದೆ ಬರುತ್ತಿದ್ದ ಯಾರಿಗೋ ಕೂಗಿ ಹೇಳಿದಳು: “ಓಣೀಲಿ ಬರ್ಬ್ಯಾಡ್ರೇ, ಇಲ್ದಿರೋ ಆನೆ ಅಡ್ಡ ನಿಂತೈತೆ. ಗದ್ದೆ ಬದೀಗ್ ಬನ್ನಿ.”

ಜನ ಹಾಗೆಯೇ ಸುತ್ತಿಕೊಂಡು ಬಂದರು.

ಇಂದ್ರಮ್ಮ ಬಾಗಿಲಲ್ಲಿ ತಲೆ ಹಾಕಿದರು. “ರೂಮು ಬರಿದು ಮಾಡಿ ಹೋಗ್ಬ್ಯಾಡ ಕಣೋ ನಂಜುಂಡ. ಏನಾದ್ರೂ ಬುಟ್ಟು ಹೋಗು.”

ನನ್ನ ಹತ್ತಿರ ಬಿಟ್ಟುಹೋಗಲು ಇದ್ದದ್ದು ಒಂದೇ. ಜೇಬಿನಿಂದ ಆ ಬೆಲ್ಲದಚ್ಚು ತೆಗೆದು, ಇರುವೆ ಕೊಡವಿ, ಕಿಟಕಿಯ ಗೂಡಿನಲ್ಲಿಟ್ಟೆ. ಇಂದ್ರಮ್ಮನ ಮುಖ ಅರಳಿತು.

ದೂರದಲ್ಲಿ ಗುರುವಿನ ಲಾರಿ ಹಾರನ್ ಹೊಡೆಯಿತು. ಹತ್ತಿರದಲ್ಲಿ ಯಾರೋ ದೀರ್ಘವಾಗಿ ಉಸಿರೆಳೆದುಕೊಂಡರು. ಕಿಟಕಿಯ ಬೆಳಕು ಹೋಯಿತು.

“ಅದೇನಮ್ಮ ಸದ್ದು?” ವರಾಂಡದಿಂದ ಕಾರ್ಯದರ್ಶಿಗಳ ದನಿ.

“ಮೆಸೇಜೇನೂ ಬಂದಿಲ್ಲ ಸರ್,” ಎಂದಳು ನವ್ಯಶ್ರೀ.

“ಹಾಗಾದರೆ ಗಾಳಿ.”

ಗೋಡೆಯಿಂದ ಮಣ್ಣು ಉದುರತೊಡಗಿತು. ಅದಕ್ಕೆ ಯಾವ ದಾಖಲೆಯೂ ಇಲ್ಲದ್ದರಿಂದ ನಾನು ಚೀಲದ ಬಾಯಿ ಬಿಗಿದು ಚಪ್ಪಲಿ ಮೆಟ್ಟಿಕೊಂಡೆ.