ಸೈಕಲ್ಲಿಗೊಂದು ಕಾಲು

ಸೈಕಲ್ಲು ಮೊದಲ ಸಲ ಬಿದ್ದದ್ದು ಬೆಳಿಗ್ಗೆ ಏಳೂಕಾಲಿಗೆ, ತಕ್ಕಡಿ ಚಹಾದ ಎರಡನೇ ಗುಟುಕು ಹೀರುತ್ತಿದ್ದಾಗ. ಸುಮ್ಮನೆ ನೆಲಕ್ಕೆ ಬಿದ್ದಿದ್ದರೆ ಎತ್ತಿ ನಿಲ್ಲಿಸಿ, ಧೂಳು ಕೊಡವಿ, ಉಳಿದ ಚಹಾ ಕುಡಿಯಬಹುದಿತ್ತು. ಅದು ಎಡಪಕ್ಕದಲ್ಲಿದ್ದ ಸ್ಕೂಟರಿನ ಮೇಲೆ ಬಿತ್ತು. ಸ್ಕೂಟರು ಕೆಳಗಿನ ಮನೆಯ ಡ್ರಿಲ್ ಮೇಷ್ಟರದು. ನಿವೃತ್ತರಾದ ಮೇಲೆ ಮೇಷ್ಟರು ಅದನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಅದರ ಬಲಗಡೆಯ ಕನ್ನಡಿ ಚೂರಾದದ್ದು ಅವರ ಮಟ್ಟಿಗೆ ಸ್ವಂತ ಕಣ್ಣಿಗೇ ಏಟು ಬಿದ್ದ ಹಾಗೆ.

ತಕ್ಕಡಿ ಎಂಬುದು ಪಾರ್ಸಲ್ ಆಫೀಸಿನವರು ಇಟ್ಟ ಹೆಸರು. ಹದಿನೇಳು ವರ್ಷದಿಂದ ಅಲ್ಲಿ ತೂಕದ ಕೌಂಟರಿನಲ್ಲಿ ಕೂತವನು ಅವನು. ಯಾವ ಗಂಟನ್ನೇ ಆಗಲಿ ಒಮ್ಮೆ ಕೈಯಲ್ಲಿ ಎತ್ತಿದರೆ ಸಾಕು, ಇಷ್ಟು ಕಿಲೋ ಇಷ್ಟು ಗ್ರಾಂ ಎಂದು ಹೇಳಿಬಿಡುತ್ತಿದ್ದ. ಯಂತ್ರ ಬೇರೆ ಲೆಕ್ಕ ತೋರಿಸಿದರೆ ಯಂತ್ರವನ್ನೇ ರಿಪೇರಿಗೆ ಕಳಿಸುತ್ತಿದ್ದರು. ನಾಲ್ಕು ವರ್ಷ ಅರ್ಜಿ ಹಾಕಿ ಹಾಕಿ ಈಗ ಅವನಿಗೆ ಹನ್ನೆರಡು ದಿನದ ರಜೆ ಸಿಕ್ಕಿತ್ತು. ಸೈಕಲ್ಲಿನ ಮೇಲೆ ಡೇರೆ, ಒಲೆ, ಹಾಸಿಗೆ ಹೇರಿಕೊಂಡು ಸಮುದ್ರದ ತನಕ ಹೋಗಿ ಬರಬೇಕು; ನಾಳೆ ಬೆಳಿಗ್ಗೆ ಐದಕ್ಕೆ ಹೊರಡಬೇಕು. ಹಿಂದಿನ ದಿನ ಮಧ್ಯಾಹ್ನವೇ ಚೀಲ ತುಂಬಿ, ತೂಗಿ, ಸೈಕಲ್ಲಿಗೆ ಕಟ್ಟಿಟ್ಟಿದ್ದ. ಎಡಕ್ಕೊಂದು ಏಳು ಕಿಲೋ, ಬಲಕ್ಕೊಂದು ಏಳು ಕಿಲೋ. ಎಳ್ಳಷ್ಟೂ ಹೆಚ್ಚುಕಮ್ಮಿ ಇಲ್ಲ.

"ಏನ್ರೀ ತಕ್ಕಡಿ, ಇದು ಕಟ್ಟಡವೋ, ಯುದ್ಧಭೂಮಿಯೋ?" ಎಂದರು ಮೇಷ್ಟರು, ಕನ್ನಡಿಯ ಚೂರನ್ನು ಅಂಗೈಯಲ್ಲಿಟ್ಟುಕೊಂಡು.

"ಸ್ಟ್ಯಾಂಡು ಸಣ್ಣದು ಮೇಷ್ಟ್ರೇ. ಭಾರ ತಡೀಲಿಲ್ಲ. ಇವತ್ತೇ ಬದಲಾಯಿಸ್ತೀನಿ."

"ಇನ್ನೊಂದು ಸಲ ಬಿದ್ದರೆ ಈ ಅಂಗಳದಲ್ಲಿ ಅದಕ್ಕೆ ಜಾಗ ಇಲ್ಲ. ಬೇಕಿದ್ದರೆ ಮಂಚದ ಪಕ್ಕ ಮಲಗಿಸಿಕೊಳ್ಳಿ."

ಮೆಟ್ಟಿಲ ಮೇಲೆ ಹೆಂಡತಿ ಬಂದು ನಿಂತಿದ್ದಳು. ಅವಳ ಕೈಯಲ್ಲಿ ಬಣ್ಣದಂಗಡಿಯ ಮಾದರಿ ಹಾಳೆಗಳಿದ್ದವು. ಗಂಡನಿಗೆ ಹನ್ನೆರಡು ದಿನ ರಜೆ ಎಂದು ಕೇಳಿದ ದಿನದಿಂದ ಅವು ಅವಳ ಕೈಬಿಟ್ಟಿರಲಿಲ್ಲ. ರಜೆಯಲ್ಲಿ ಮನೆಗೆ ಬಣ್ಣ ಹೊಡೆಸಿಯೇ ತೀರಬೇಕೆಂಬುದು ಅವಳ ಹಟ. ಹೊಡೆಯುವವನು ತಾನೇ ಎಂಬುದು ತಕ್ಕಡಿಗೆ ಹೇಳದೆಯೇ ಗೊತ್ತಿತ್ತು.

"ರೀ, ನಿಲ್ಲದೇ ಇರೋ ಸೈಕಲ್ ತಗೊಂಡು ಹೋಗಿ ಏನ್ಮಾಡ್ತೀರಾ? ಹನ್ನೆರಡು ದಿನ ಅದನ್ನ ಹಿಡ್ಕೊಂಡೇ ನಿಂತಿರ್ತೀರಾ?" ಎಂದಳು. "ಸಂಜೆಯೊಳಗೆ ಅದು ತನ್ನ ಕಾಲ ಮೇಲೆ ತಾನು ನಿಂತರೆ ಹೋಗಿ ಬನ್ನಿ. ಇಲ್ಲಾಂದ್ರೆ ನಾಳೆ ಹಾಲ್‌ನಿಂದ ಶುರು ಮಾಡೋಣ."

ಅವಳ ಹಿಂದಿನಿಂದ ಅತ್ತೆ ಇಣುಕಿದರು. ಮಗಳ ಮನೆಗೆ ಬಂದು ತಿಂಗಳಾಗಿತ್ತು.

"ಅಳಿಯಂದ್ರೇ, ಚೀಲಕ್ಕೇನೂ ಆಗಿಲ್ಲ ತಾನೇ?"

ಈ ಮನೆಯಲ್ಲಿ ತನ್ನ ಪ್ರವಾಸದ ಬಗ್ಗೆ ಕಾಳಜಿ ಇರುವ ಜೀವ ಇದೊಂದೇ ಎಂದು ತಕ್ಕಡಿಗೆ ಅನ್ನಿಸಿತು.

ಸೈಕಲ್ ಅಂಗಡಿಯ ಮೆಕ್ಯಾನಿಕ್ ಮಿತಭಾಷಿ. ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ. ಹಿಂದಿನಿಂದ ನೋಡಿದ. ಕೂತು ನೋಡಿದ.

"ಎಡಗಡೆ ಭಾರ ಜಾಸ್ತಿ ಇದೆ ಸಾರ್."

ತಕ್ಕಡಿಗೆ ಪಿತ್ತ ನೆತ್ತಿಗೇರಿತು. ಅಡುಗೆಯವನಿಗೆ ಉಪ್ಪು ಯಾವುದು ಸಕ್ಕರೆ ಯಾವುದು ಎಂದು ಹೇಳಿಕೊಟ್ಟ ಹಾಗಾಯಿತು.

"ನಾನು ಯಾರು ಗೊತ್ತೇನಪ್ಪಾ? ಹದಿನೇಳು ವರ್ಷ ತೂಕ ಮಾಡಿದ್ದೀನಿ. ಎರಡೂ ಏಳೇಳು ಕಿಲೋ. ನನ್ನ ಕೈಯಾರೆ ತೂಗಿದ್ದು."

"ಒಂದು ಸಲ ಬಿಚ್ಚಿ ನೋಡಿದರೆ..."

"ನೀನು ಸ್ಟ್ಯಾಂಡು ತೋರಿಸು. ತೂಕ ನನಗೆ ಬಿಡು."

ಮೆಕ್ಯಾನಿಕ್ ಸ್ಟ್ಯಾಂಡುಗಳನ್ನು ತಂದು ಸಾಲಾಗಿ ಜೋಡಿಸಿದ. ಒಂಟಿ ಕಾಲಿನದು, ಜೋಡಿ ಕಾಲಿನದು, ಹಿಂದಿನ ಚಕ್ರದ ಪಕ್ಕ ಕೂರುವುದು, ಮಡಚಿ ಚೀಲದಲ್ಲಿಟ್ಟುಕೊಳ್ಳುವ ಕೋಲು. ಒಂದಕ್ಕೆ ಹಗುರ ಎಂಬ ಗುಣವಾದರೆ ಇನ್ನೊಂದಕ್ಕೆ ಗಟ್ಟಿ ಎಂಬ ಗುಣ. ಹಗುರವಾದದ್ದು ಗಟ್ಟಿಯಿಲ್ಲ, ಗಟ್ಟಿಯಾದದ್ದು ಹಗುರವಿಲ್ಲ. ತಕ್ಕಡಿ ಪ್ರತಿಯೊಂದನ್ನೂ ಎತ್ತಿ ಅದರ ತೂಕವನ್ನು ಗಟ್ಟಿಯಾಗಿ ಹೇಳಿದ. ಯಾರೂ ಕೇಳಿರಲಿಲ್ಲ.

ಕೊನೆಗೆ ಜೋಡಿ ಕಾಲಿನದನ್ನು ಹಾಕಿಸಿದ. ಎರಡು ಕಾಲಿದ್ದ ಮೇಲೆ ಬೀಳುವ ಮಾತೆಲ್ಲಿ ಎಂಬುದು ಅವನ ತರ್ಕ. ಸೈಕಲ್ಲು ಎರಡು ಕಾಲಿನ ಮೇಲೆ ನಿಂತು, ಸ್ವಲ್ಪ ಯೋಚಿಸಿ, ಎಡಕ್ಕೆ ವಾಲಿತು. ಎಡಕ್ಕೆ ರಿಪೇರಿಯಾಗಿ ಗಿರಾಕಿಗಳಿಗಾಗಿ ಕಾದು ನಿಂತಿದ್ದ ಒಂಬತ್ತು ಸೈಕಲ್ಲುಗಳಿದ್ದವು. ಮೊದಲನೆಯದು ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ, ಹೀಗೆ ಒಂಬತ್ತೂ ಮಲಗಿದವು. ಒಂಬತ್ತನೆಯದರ ಗಂಟೆ ಕೊನೆಯಲ್ಲಿ ಟ್ರಿಣ್ ಎಂದಿತು.

"ಎಡಕ್ಕೇ ಬಿತ್ತು," ಎಂದ ಮೆಕ್ಯಾನಿಕ್.

"ನಿನ್ನ ನೆಲವೇ ಎಡಕ್ಕೆ ಇಳಿಜಾರು," ಎಂದ ತಕ್ಕಡಿ. ಒಂಬತ್ತನ್ನೂ ಎತ್ತಿ ನಿಲ್ಲಿಸುವಷ್ಟರಲ್ಲಿ ಅವನ ಸೊಂಟ ಹಿಡಿದುಕೊಂಡಿತು.

ಮಧ್ಯಾಹ್ನ ಮಡಚುವ ಕೋಲಿನ ಸರದಿ. ಅಂಗಳದಲ್ಲಿ ಸೀಟಿನ ಕೆಳಗೆ ಕೋಲು ಆನಿಸಿ ಉಸಿರು ಬಿಗಿಹಿಡಿದು ಹಿಂದೆ ಸರಿದ. ಮೇಷ್ಟರು ಸ್ಕೂಟರನ್ನು ತಬ್ಬಿಕೊಂಡೇ ನಿಂತಿದ್ದರು.

"ಸ್ಟ್ಯಾಂಡ್ ಯಾಕ್ರೀ ಬೇಕು? ದಾರೀಲಿ ಗೋಡೆ ಇರಲ್ವಾ, ಮರ ಇರಲ್ವಾ? ಒರಗಿಸಿದರಾಯ್ತು."

"ಗೋಡೆ ಇಲ್ಲದ ಕಡೆ ಏನ್ಮಾಡ್ಲಿ ಮೇಷ್ಟ್ರೇ?"

"ಗೋಡೆ ಇರೋ ಕಡೇನೇ ನಿಲ್ಲಬೇಕು. ಅದಕ್ಕೇ ಶಿಸ್ತು ಅನ್ನೋದು."

ಮಾತು ಮುಗಿಯುವಷ್ಟರಲ್ಲಿ ಕೋಲು ಬಿಲ್ಲಿನಂತೆ ಬಾಗಿ ಹಾರಿತು. ಸೈಕಲ್ಲು ಎಡಕ್ಕೆ ಉರುಳಿ ಒಗೆದ ಬಟ್ಟೆಯ ಬಕೆಟ್ಟಿನೊಳಗೆ ಹ್ಯಾಂಡಲ್ಲು ತೂರಿಸಿತು. ಹೆಂಡತಿ ಒಳಗೆ ಹೋಗಿ ಹಾಲ್‌ನ ಕುರ್ಚಿಗಳನ್ನು ಗೋಡೆಯಿಂದ ಈಚೆಗೆ ಎಳೆಯತೊಡಗಿದಳು. ನಾಲ್ಕು ವರ್ಷ ಕಾದ ರಜೆ ಸುಣ್ಣದ ನೀರಿನಲ್ಲಿ ಕರಗಿಹೋಗುವುದು ತಕ್ಕಡಿಯ ಕಣ್ಣಿಗೇ ಕಾಣುತ್ತಿತ್ತು.

"ಚೀಲ ಒದ್ದೆ ಆಗಿಲ್ಲ ತಾನೇ ಅಳಿಯಂದ್ರೇ?" ಎಂದರು ಅತ್ತೆ ಮೇಲಿನಿಂದ.

ನಾಲ್ಕು ಗಂಟೆಗೆ ಅವನು ಮತ್ತೆ ಅಂಗಡಿಯಲ್ಲಿದ್ದ. ಈ ಸಲ ದನಿಯಲ್ಲಿ ಜಂಬ ಇರಲಿಲ್ಲ.

"ನೋಡಪ್ಪಾ, ಹೇಗಾದರೂ ಮಾಡಿ ನಿಲ್ಲಿಸಿಕೊಡು. ತೂಕದ ಮಾತು ಮಾತ್ರ ಎತ್ತಬೇಡ."

ಮೆಕ್ಯಾನಿಕ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ದಪ್ಪ ಕಬ್ಬಿಣದ ಕೊಳವೆಯೊಂದನ್ನು ಹುಡುಕಿ ತಂದ. ಚೀಲಗಳ ಸಮೇತ ಸೈಕಲ್ಲನ್ನು ತಕ್ಕಡಿಯ ಕೈಗೆ ಕೊಟ್ಟು, ಹೀಗೆ ಹಿಡೀರಿ, ಇನ್ನೂ ನೆಟ್ಟಗೆ ಹಿಡೀರಿ ಎನ್ನುತ್ತ ಅಳತೆ ತೆಗೆದ. ಮಾಮೂಲಿಗಿಂತ ನಾಲ್ಕು ಬೆರಳು ಉದ್ದಕ್ಕೆ ಕತ್ತರಿಸಿ, ತುದಿಗೆ ಅಂಗೈಯಗಲದ ಪಾದವೊಂದನ್ನು ಬೆಸೆದು, ಎಡಗಡೆ ಬಿಗಿದ.

"ಈ ಹೇರಿಗೆ ಸರಿಯಾಗಿ ಮಾಡಿದ್ದೀನಿ ಸಾರ್. ಹೇರು ಬದಲಾಯಿಸಬೇಡಿ."

"ಗ್ರಾಂ ಕೂಡ ಬದಲಾಗಲ್ಲ," ಎಂದ ತಕ್ಕಡಿ.

ಸಂಜೆ ಆರಕ್ಕೆ ಅಂಗಳದಲ್ಲಿ ಪರೀಕ್ಷೆ ನಡೆಯಿತು. ತಕ್ಕಡಿ ಜಾಣತನ ಮಾಡಿದ. ಸೈಕಲ್ಲು ಬೆಳಿಗ್ಗೆಯಿಂದ ಬಿದ್ದದ್ದೆಲ್ಲ ಎಡಕ್ಕೇ; ಆದ್ದರಿಂದ ಸ್ಕೂಟರು ಬಲಕ್ಕೆ ಬರುವಂತೆ ನಿಲ್ಲಿಸಿದ. ಕೈಬಿಟ್ಟ. ಸೈಕಲ್ಲು ನಿಂತಿತು. ಮೇಷ್ಟರು ಬಂದು ಸೀಟು ಅಲುಗಾಡಿಸಿದರು, ಹ್ಯಾಂಡಲ್ಲು ತಿರುಗಿಸಿದರು, ಕೊನೆಗೆ ಹಳೆಯ ಅಭ್ಯಾಸದಂತೆ ಜೇಬಿನಿಂದ ಪೀಪಿ ತೆಗೆದು ಊದಿದರು. ಸೈಕಲ್ಲು ಮಿಸುಕಲಿಲ್ಲ.

"ಇದಪ್ಪಾ ಅಟೆನ್ಷನ್ ಅಂದರೆ," ಎಂದು ಮೇಷ್ಟರು ಮೊದಲ ಸಲ ನಕ್ಕರು.

ಹೆಂಡತಿ ನಿಟ್ಟುಸಿರು ಬಿಟ್ಟು ಬಣ್ಣದ ಹಾಳೆಗಳನ್ನು ಮಡಚಿ ಸೆರಗಿಗೆ ಸಿಕ್ಕಿಸಿದಳು. "ಆಯ್ತು, ಹೋಗಿ ಬನ್ನಿ. ಮಾತು ಕೊಟ್ಟಮೇಲೆ ಮುಗೀತು." ತಕ್ಕಡಿಗೆ ಅಲ್ಲೇ ಕುಣಿದುಬಿಡೋಣ ಎನ್ನಿಸಿತು, ಸೊಂಟ ಬಿಡಲಿಲ್ಲ.

ಆಗ ಅತ್ತೆ ಮೆಲ್ಲಗೆ ಮೆಟ್ಟಿಲಿಳಿದು ಬಂದರು.

"ಸದ್ಯ, ನಿಂತಿತಲ್ಲ. ಇನ್ನು ಧೈರ್ಯವಾಗಿ ಹೇಳಬಹುದು. ದಾರೀಲಿ ನನ್ನ ತಂಗಿ ಊರು ಸಿಗುತ್ತಲ್ಲಾ ಅಳಿಯಂದ್ರೇ, ಅಲ್ಲಿ ಒಂದು ನಿಮಿಷ ನಿಂತು ಎಡಗಡೆ ಚೀಲದಲ್ಲಿರೋದನ್ನ ಅವಳಿಗೆ ಕೊಟ್ಟುಬಿಡಿ."

"ಎಡಗಡೆ ಚೀಲದಲ್ಲಿ ಏನಿದೆ?"

"ನಮ್ಮಮ್ಮನ ಕಾಲದ ಕೆಂಡದ ಇಸ್ತ್ರಿ ಪೆಟ್ಟಿಗೆ. ಅವಳಿಗೆ ಅದರ ಮೇಲೆ ಎಷ್ಟು ವರ್ಷದಿಂದ ಆಸೆ. ನಿನ್ನೆ ಸಂಜೆ ನಿಮ್ಮ ರೇನ್‌ಕೋಟಿನೊಳಗೆ ಸುತ್ತಿ ಇಟ್ಟೆ."

"ಪಾರ್ಸಲ್ ಮಾಡಬಹುದಿತ್ತಲ್ಲಾ ಅತ್ತೆ. ನಾನು ಕೂತಿರೋದೇ ಅಲ್ಲಿ."

"ಅಲ್ಲಿ ಎಲ್ಲಾನೂ ಎಸೀತಾರೆ ಅಂತ ನೀವೇ ಅಲ್ವಾ ಹೇಳಿದ್ದು?"

ತಕ್ಕಡಿ ಕೂತು ಎಡಗಡೆಯ ಚೀಲ ಬಿಚ್ಚಿದ. ರೇನ್‌ಕೋಟಿನ ಮಡಿಕೆಯೊಳಗಿಂದ ಕಪ್ಪು ಕಬ್ಬಿಣದ ಪೆಟ್ಟಿಗೆ ಹೊರಬಂತು. ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದ. ಬೆಳಿಗ್ಗೆಯಿಂದ ಪಟ್ಟ ಪಾಡೆಲ್ಲ ಆ ಕೈಗಳಿಗೆ ಒಂದೇ ಸಲ ಅರ್ಥವಾಯಿತು. ಮೆಕ್ಯಾನಿಕ್ಕನ ಮುಖ ನೆನಪಾಗಿ ನಾಚಿಕೆಯೂ ಆಯಿತು.

ಎದುರಿಗೇ ಕಿರ್ ಎಂದು ಸದ್ದಾಯಿತು. ಭಾರ ಕಳೆದುಕೊಂಡ ಸೈಕಲ್ಲು ಉದ್ದ ಕಾಲನ್ನು ನೆಲದಿಂದ ಎತ್ತಿ, ಬೆಳಿಗ್ಗೆಯಿಂದ ಒಮ್ಮೆಯೂ ಬೀಳದ ಬಲಗಡೆಗೆ ಬಿತ್ತು. ಸ್ಕೂಟರಿನ ಎಡಗಡೆಯ ಕನ್ನಡಿ ಚೂರಾಯಿತು. ಮೇಷ್ಟರ ಬಾಯಿಂದ ಪೀಪಿ ಕೆಳಗೆ ಬಿತ್ತು. ಹೆಂಡತಿ ಸೆರಗಿನಿಂದ ಬಣ್ಣದ ಹಾಳೆ ತೆಗೆದಳು.

"ಇರು ಇರು," ಎಂದು ತಕ್ಕಡಿ ಗಡಿಬಿಡಿಯಲ್ಲಿ ಸೈಕಲ್ಲನ್ನು ಎತ್ತಿ, ಪೆಟ್ಟಿಗೆಯನ್ನು ಚೀಲದೊಳಗೆ ತುರುಕಿದ. ಸೈಕಲ್ಲು ಬಂಡೆಯಂತೆ ನಿಂತಿತು. ತೆಗೆದರೆ ಬೀಳುತ್ತಿತ್ತು, ಇಟ್ಟರೆ ನಿಲ್ಲುತ್ತಿತ್ತು. "ನೋಡಿ, ನಿಂತಿದೆ. ಇಷ್ಟು ಇದ್ದರೆ ನಿಲ್ಲುತ್ತೆ."

"ಚಿಕ್ಕಮ್ಮನ ಮನೇಲಿ ಕೊಟ್ಟಮೇಲೆ?" ಎಂದಳು ಹೆಂಡತಿ.

ತಕ್ಕಡಿ ಅದನ್ನು ಯೋಚಿಸಿರಲಿಲ್ಲ. ಅತ್ತೆ ಯೋಚಿಸಿದ್ದರು.

"ಅದಕ್ಕೇನು, ಬದಲಿಗೆ ಅವಳು ಏನಾದರೂ ಕೊಟ್ಟು ಕಳಿಸ್ತಾಳೆ. ಎಷ್ಟು ಭಾರ ಇರಬೇಕು ಹೇಳಿ."

"ಐದು ಕಿಲೋ ಆರುನೂರು," ಎಂದುಬಿಟ್ಟ ತಕ್ಕಡಿ. ಹದಿನೇಳು ವರ್ಷದ ಅಭ್ಯಾಸ, ನಾಲಿಗೆ ಕೇಳಲಿಲ್ಲ. ಅಷ್ಟರಲ್ಲಿ ಅತ್ತೆ ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತಿದ್ದರು. ಹೂಂ ಅಂದರು, ಹೌದಾ ಅಂದರು, ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ಅಳಿಯನ ಕಡೆ ತಿರುಗಿದರು.

"ನನ್ನ ಹಳೇ ಹೊಲಿಗೆ ಮೆಷಿನ್ನು ಅಲ್ಲೇ ಇದೆಯಂತೆ. ಹನ್ನೊಂದು ಕಿಲೋ ಆಗುತ್ತಂತೆ. ಅಂಗಡಿ ಇನ್ನೂ ತೆಗೆದಿರುತ್ತಲ್ಲಾ ಅಳಿಯಂದ್ರೇ, ಆ ಕಾಲನ್ನ ಇನ್ನೊಂದು ನಾಲ್ಕು ಬೆರಳು ಉದ್ದ ಮಾಡಿಸಿಕೊಂಡು ಬಂದುಬಿಡಿ."

ಹೆಂಡತಿ ಬಣ್ಣದ ಹಾಳೆಗಳನ್ನು ಬಿಡಿಸಿ ಮೆಟ್ಟಿಲ ಮೇಲೆ ಕೂತಳು. ತಕ್ಕಡಿ ಅತ್ತೆಯನ್ನು ನೋಡಿದ, ಹಾಳೆಗಳನ್ನು ನೋಡಿದ, ಸೈಕಲ್ಲನ್ನು ಮೆಲ್ಲಗೆ ಅಂಗಡಿಯ ಕಡೆ ತಳ್ಳಿಕೊಂಡು ಹೊರಟ.