ಮೀನು ಮಾರ್ಕೆಟ್ಟಿಗೆ ಬಂದ ಕುರ್ಚಿ

ಇಷ್ಟಕ್ಕೆಲ್ಲ ಕಾರಣ ಡಾಕ್ಟರರ ಒಂದು ಮಾತು.

"ಕಾಶಿಬಾಯಿ, ಮೊಣಕಾಲಿನ ಎಲುಬುಗಳ ನಡುವೆ ಒಂದು ಗಾದಿ ಇರ್ತದೆ. ನಿಮ್ಮದು ಸವೆದಿದೆ. ಆಪರೇಶನ್ ಮಾತು ಈಗಲೇ ಬೇಡ. ತೊಡೆಗೆ ವ್ಯಾಯಾಮ ಮಾಡಿ, ತೂಕ ಇಳಿಸಿ, ನೋವು ಜಾಸ್ತಿಯಾದರೆ ಗುಳಿಗೆ ತಗೊಳ್ಳಿ. ಆದರೆ ಇನ್ನು ಮೇಲೆ ಕುಕ್ಕರಗಾಲಲ್ಲಿ ಕೂರಬೇಡಿ. ಕುರ್ಚಿ ಮೇಲೆ ಕೂತು ಕೆಲಸ ಮಾಡಿ."

ಅದನ್ನೇ ಒಂದು ಚೀಟಿಯಲ್ಲೂ ಬರೆದುಕೊಟ್ಟರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪಾಪ, ಅವರು ಎಂದೂ ಮೀನು ಮಾರಿದವರಲ್ಲ, ಅಷ್ಟೆ.

ಕಾಶಿ ಮೀನು ಮಾರುವುದು ಕಾರವಾರದ ಹಬ್ಬುವಾಡದ ತಿರುವಿನಲ್ಲಿರುವ ಒಂದು ಖಾಸಗಿ ಮಾರ್ಕೆಟ್ಟಿನಲ್ಲಿ. ಹದಿನಾರು ಹೆಂಗಸರು, ಒಂದೇ ಸಾಲು, ಎಲ್ಲರೂ ನೆಲದ ಮೇಲೆ. ಗೇಟಿನ ಪಕ್ಕದ ಮೊದಲ ಜಾಗ ಅವಳದು, ಅತ್ತೆಯಿಂದ ಬಂದದ್ದು. ಗಂಡ ಸಮುದ್ರದ ಪಾಲಾದ ಮೇಲೆ ಅವಳಿಗೂ ಮಗಳಿಗೂ ಅನ್ನ ಹಾಕಿದ್ದು ಆ ಎರಡು ಮೊಳ ನೆಲ. ಒಳಗೆ ಬಂದ ಗಿರಾಕಿ ಮೊದಲು ನೋಡುವುದೇ ಅವಳ ಬುಟ್ಟಿಯನ್ನು. ಆ ಜಾಗದ ಮೇಲೆ ಉಳಿದ ಹದಿನೈದು ಜೋಡಿ ಕಣ್ಣೂ ಇದ್ದವು.

ಮರುದಿನ ಬೆಳಿಗ್ಗೆ ಅವಳು ಬೊಬ್ರುವಾಡದ ಮನೆಯಲ್ಲಿ ನೆಂಟರಿಗೆಂದು ಎತ್ತಿಟ್ಟಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ಬಗಲಿಗೆ ಸಿಕ್ಕಿಸಿಕೊಂಡು, ತಲೆಯ ಮೇಲೆ ಬಂಗಡೆಯ ಬುಟ್ಟಿ ಹೊತ್ತು, ಅಂಕೋಲೆಯಲ್ಲಿ ಕಾರವಾರದ ಬಸ್ಸು ಹತ್ತಿದಳು. ಬಸ್ಸು ಕಿಕ್ಕಿರಿದಿತ್ತು. ಕುರ್ಚಿ ಕೆಳಗಿಟ್ಟು ಬುಟ್ಟಿ ಇಳಿಸಿ ತಿರುಗಿ ನೋಡುವಷ್ಟರಲ್ಲಿ ಇಸ್ತ್ರಿ ಅಂಗಿಯ ಯಜಮಾನರೊಬ್ಬರು ಕುರ್ಚಿಯ ಮೇಲೆ ಕೂತಾಗಿತ್ತು.

"ಸಾಯ್ಬ್ರೆ, ಅದು ನಂದು. ನನ್ ಮೊಣಕಾಲು ನೋವು" ಎಂದಳು ಕಾಶಿ.

"ನಂದೂ ಅದೇ ಕತೆ ಬಾಯಿ. ಖಾಲಿ ಇತ್ತಲ್ಲ, ಕೂತೆ. ಹಬ್ಬುವಾಡ ಬಂದ ಕೂಡ್ಲೆ ಏಳ್ತೆ" ಎಂದು ಅವರು ಪೇಪರು ಬಿಡಿಸಿದರು.

ಹೀಗೆ ಕಾಶಿಯ ಕುರ್ಚಿ ಕಾರವಾರದವರೆಗೆ ಸುಖವಾಗಿ ಪಯಣಿಸಿತು. ಕಾಶಿ ಮಾತ್ರ ಒಂಟಿಗಾಲಲ್ಲಿ ನಿಂತು ಬಂದಳು.

ಮಾರ್ಕೆಟ್ಟಿನಲ್ಲಿ ಕುರ್ಚಿ ಹಾಕಿದ್ದೇ ತಡ, ಪಕ್ಕದ ಜಾಗದ ಸುಮಿತಾ ಗಲ್ಲಕ್ಕೆ ಕೈಯಿಟ್ಟಳು. "ಅಗೋ ಕಾಶೀ, ಇದೆಂತದೇ? ಮದುಮಗಳ ಹಾಂಗೆ ಕೂತ್ಕಂಡ್ಯಲೇ!"

"ಡಾಕ್ಟರು ಹೇಳಿದ್ರು ಮಾರಾಯ್ತಿ. ನೆಲಕ್ಕೆ ಕೂರೂಕಾಗ."

"ಡಾಕ್ಟರಿಗೆಂತಾ ಗೊತ್ತದೆ? ಎಕ್ಕದೆಲೆ ಬಿಸಿ ಮಾಡಿ ಕಟ್ಟು."

"ಎಕ್ಕದೆಲೆ ಬ್ಯಾಡ, ಶಾರ್ಕ್ ಎಣ್ಣೆ ತಿಕ್ಕು" ಎಂದಳು ಆಚೆಯ ದೀಪಾಲಿ. "ನಮ್ ಮಾವ ಮೊಣಕಾಲನ್ನೇ ಬದಲಿ ಮಾಡ್ಸಿದ. ಈಗ ಕಾಲು ಗಟ್ಟಿ ಅದೆ, ಮನೆ ಒಂದು ಇಲ್ಲ."

ಉಚಿತ ವೈದ್ಯಕ್ಕೆ ಬರವಿರಲಿಲ್ಲ. ಬರವಿದ್ದದ್ದು ಗಿರಾಕಿಗಳಿಗೆ. ಬಂದವರೆಲ್ಲ ಕುರ್ಚಿಯನ್ನು ನೋಡಿ, ಕಾಶಿಯನ್ನು ಜಾಗದ ಬಾಡಿಗೆ ವಸೂಲಿ ಮಾಡುವವಳೆಂದು ತಿಳಿದು, ದೃಷ್ಟಿ ತಪ್ಪಿಸಿ ಮುಂದೆ ಹೋದರು. ಖಾಯಂ ಗಿರಾಕಿ ನಾಗಶ್ರೀ ಟೀಚರ್ ಕೂಡ ಸುಮಿತಾಳ ಬುಟ್ಟಿಯ ಮುಂದೆ ನಿಂತರು.

"ಟೀಚರೇ, ನನ್ ಬಂಗಡೆ ನೋಡೂದಿಲ್ವಾ?"

"ಅಲ್ಲ ಕಾಶಿ, ನೀ ಮೇಲೆ ಕೂತ್ರೆ ಚೌಕಾಶಿ ಮಾಡೂಕೆ ಒಂಥರಾ ಸಂಕೋಚ ಆಗ್ತದೆ" ಎಂದು ಅವರು ಸುಮಿತಾಳ ಬಂಗಡೆಯನ್ನೇ ಚೀಲಕ್ಕೆ ಹಾಕಿಸಿಕೊಂಡರು.

ಬಡವಿ ಕಾಲ ಬುಡದಲ್ಲಿ ಕೂತು ಕತ್ತೆತ್ತಿ ಮಾತಾಡಿದರೇ ಮೀನು ತಾಜಾ ಎಂದು ಜನರಿಗೆ ಅನಿಸುವುದೋ ಏನೋ. ಬುಟ್ಟಿ ನೆಲದಲ್ಲಿ, ಕಾಶಿ ಕುರ್ಚಿಯಲ್ಲಿ. ಮೀನಿಗೆ ನೀರು ಚಿಮುಕಿಸಲು ಬಗ್ಗಿದಾಗಲೆಲ್ಲ ಸೊಂಟ ಹಿಡಿಯಿತು. ಒಮ್ಮೆ ಅವಳು ಬಗ್ಗುವ ಮೊದಲೇ ಬೆಕ್ಕು ಬಗ್ಗಿತು. ಎರಡು ಬಂಗಡೆ ಹೋದವು.

ಹನ್ನೊಂದಕ್ಕೆ ಸುಮಿತಾ ಎದ್ದು ಬಂದಳು. "ಒಂದ್ ಗಳಿಗೆ ಕೂತು ನೋಡ್ತೆನೇ, ಹೆಂಗಿರ್ತದೆ ಅಂತ." ಕೂತವಳು "ಆಹಾ" ಎಂದು ಕಣ್ಣು ಮುಚ್ಚಿದಳು. ಆಮೇಲೆ ದೀಪಾಲಿ ಕೂತಳು. ಅವಳಾದ ಮೇಲೆ ಸಾಲಿಗೆ ಸಾಲೇ ಸರದಿ ನಿಂತಿತು. ಕಾಶಿ ನೆಲದ ಮೇಲೆ ಕುಕ್ಕರಿಸಿ, ಹಲ್ಲು ಕಚ್ಚಿ ನೋಡುತ್ತಿದ್ದಳು. ಕೂತವರೆಲ್ಲ ಏಳುವಾಗ ಅದೇ ಮಾತು ಹೇಳಿದರು, "ನಂಗೂ ನೋವೇ ಮಾರಾಯ್ತಿ. ಯಾರಿಗೆ ಹೇಳೂದು?" ಅದು ಸುಳ್ಳಾಗಿರಲಿಲ್ಲ. ಹದಿನಾರು ಹೆಂಗಸರು ವರ್ಷಗಟ್ಟಲೆ ಅಕ್ಕಪಕ್ಕ ಕೂತು ನೋವು ನುಂಗಿದ್ದರು. ಕಾಶಿಗೆ ಬೆಳಗಿನ ಸಿಟ್ಟೆಲ್ಲ ಇಳಿದು, ಇವರೆಲ್ಲ ನನ್ನವರೇ ಎನಿಸಿತು.

"ಎಲ್ಲಾರೂ ಕುರ್ಚಿ ಮೇಲೆ ಕೂತ್ರೆ ಗಿರಾಕಿ ಎಲ್ಲಿಗೆ ಹೋಗ್ತಾರೆ?" ಎಂದಳು ಕಾಶಿ. ಆ ಮಾತಿಗೆ ಸಾಲೇ ಎದ್ದು ನಿಂತಿತು. ಸುಮಿತಾ ಕಾಶಿಯ ಸೆರಗಿನ ಗಂಟಿನಿಂದ ಡಾಕ್ಟರರ ಚೀಟಿ ಬಿಚ್ಚಿಕೊಂಡು ಬಾವುಟದಂತೆ ಎತ್ತಿ ಹಿಡಿದಳು. ಎಲ್ಲರೂ ಮಾರ್ಕೆಟ್ ಕಮಿಟಿಯ ಸೆಕ್ರೆಟರಿ ತುಳಸಿದಾಸನ ಕೋಣೆಗೆ ನುಗ್ಗಿದರು.

"ನಮಗೆಲ್ಲಾ ಮೊಣಕಾಲು ನೋವು! ಕುರ್ಚಿ ಕೊಡಿ!"

ತುಳಸಿದಾಸ ಜಗಳವಾಡಲಿಲ್ಲ. ಚೀಟಿಯನ್ನು ಎರಡು ಸಲ ಓದಿದ, ಟೇಪು ಹಿಡಿದು ಹೊರಗೆ ಬಂದು ಸಾಲನ್ನು ಅಳೆದ. "ಕೊಡೂಣ. ನಾಳೆಯಿಂದ ಎಲ್ಲಾರಿಗೂ ಕುರ್ಚಿ" ಎಂದ. ಹೆಂಗಸರು ಚಪ್ಪಾಳೆ ತಟ್ಟಿದರು. ದೀಪಾಲಿ ಕಾಶಿಯ ಗಲ್ಲ ಹಿಂಡಿ, "ನಿನ್ ಪುಣ್ಯ ಕಣೇ" ಎಂದಳು.

"ಒಂದೇ ಒಂದು ತೊಂದ್ರೆ" ಎಂದ ತುಳಸಿದಾಸ, ಟೇಪು ಸುತ್ತುತ್ತ. "ನೆಲದ ಮೇಲಾದ್ರೆ ಹದಿನಾರು ಜನ ಹಿಡೀತೀರಿ. ಕುರ್ಚಿ ಹದಿನೈದೇ ಹಿಡೀತಾವೆ. ಒಬ್ರು ಮೇಲಿನ ಮಾಳಿಗೆಗೆ ಹೋಗ್ಬೇಕು."

ಮೇಲಿನ ಮಾಳಿಗೆ ಕಟ್ಟಿ ಆರು ವರ್ಷವಾಗಿತ್ತು. ಇಪ್ಪತ್ತೆಂಟು ಮೆಟ್ಟಿಲು ಹತ್ತಿ ಮೀನು ಕೊಳ್ಳುವ ಗಿರಾಕಿ ಇನ್ನೂ ಹುಟ್ಟಿರಲಿಲ್ಲ.

"ಅಲ್ಲಿ ಸಿಮೆಂಟಿನ ಎತ್ತರದ ಕಟ್ಟೆ ಅದೆ, ಫ್ಯಾನೂ ಅದೆ. ಮೊಣಕಾಲು ನೋವಿನವ್ರಿಗೇ ಅಂತ ಇಡೂಣ. ಹೇಳಿ, ಯಾರಿಗೆ ನೋವು ಅದೆ?"

ಮೂವತ್ತು ಮೊಣಕಾಲುಗಳು ಎಣ್ಣೆಯಿಲ್ಲದೆ, ಎಲೆಯಿಲ್ಲದೆ, ಆ ಕ್ಷಣದಲ್ಲಿ ವಾಸಿಯಾದವು. ದೀಪಾಲಿ ಎರಡು ಸಲ ಕೂತು ಎದ್ದು ತೋರಿಸಿಯೂ ಬಿಟ್ಟಳು.

"ನಂಗೂ ಅಷ್ಟೇನ್ ನೋವಿಲ್ಲ" ಎಂದಳು ಕಾಶಿ, ಮೆಲ್ಲಗೆ.

"ಹಂಗಂದ್ರೆ ಹೆಂಗೆ? ಡಾಕ್ಟರು ಬರೆದೇ ಕೊಟ್ಟಾರಲ" ಎಂದು ಸುಮಿತಾ ಸೆಕ್ರೆಟರಿಯ ಕೈಲಿದ್ದ ಚೀಟಿಯತ್ತ ಬೆರಳು ತೋರಿಸಿದಳು. ಕಾಶಿಯ ಕಣ್ಣನ್ನು ಮಾತ್ರ ನೋಡಲಿಲ್ಲ. "ಗೇಟಿನ ಜಾಗಕ್ಕೆ ಬೇಕಾದ್ರೆ ನಾ ಸರೀತೆ. ನಿನ್ ಆರೋಗ್ಯಕ್ಕಿಂತ ಹೆಚ್ಚೇನೇ?"

ಕಾಶಿ ಸಾಲಿನುದ್ದಕ್ಕೂ ನೋಡಿದಳು. ಹದಿನೈದು ಮುಖಗಳೂ ತಂತಮ್ಮ ಬುಟ್ಟಿಯೊಳಗಿನ ಮೀನು ಎಣಿಸುತ್ತಿದ್ದವು. ಅತ್ತೆಯ ಜಾಗ ಹೋಯಿತೆಂದು ಅವಳಿಗೆ ಆಗಲೇ ತಿಳಿಯಿತು. ಅವಳು ಬುಟ್ಟಿಯನ್ನು ತಲೆಗೇರಿಸಿ, ಮೆಟ್ಟಿಲ ಗೋಡೆ ಹಿಡಿದು, ಒಂದೊಂದಕ್ಕೂ ನಿಂತು ಮೇಲೆ ಹತ್ತತೊಡಗಿದಳು. ಅರ್ಧಕ್ಕೆ ಬಂದಾಗ ತಿರುಗಿ ಕೇಳಿದಳು:

"ಸೆಕ್ರೆಟ್ರಿ ಸಾಯ್ಬ್ರೆ, ಗಿರಾಕಿ ಮೇಲೆ ಬರ್ತಾರಾ?"

"ಯಾಕ್ ಬರೂದಿಲ್ಲ?" ಎಂದ ತುಳಸಿದಾಸ ಕೆಳಗಿನಿಂದ. "ಮೊಣಕಾಲು ಗಟ್ಟಿ ಇದ್ದವ್ರೆಲ್ಲಾ ಬರ್ತಾರೆ."