ಸಾಹುಕಾರರಿಗೆ ‘ಹಿ’ ಅನ್ನುವುದು ಹೇಗೆ

ಇದನ್ನು ನನಗೆ ಮೊದಲು ಹೇಳಿದ್ದು ಮಲ್ಲಂದೂರಿನ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ. ಅರ್ಧ ಅವರು ಹೇಳಿದ್ದು, ಉಳಿದರ್ಧ ನಾನೇ ಕಂಡಿದ್ದು. ತೊಂಬತ್ತರ ದಶಕದ ಮಾತು. ನಾನಾಗ ಬಿ.ಎ. ಮುಗಿಸಿ ಅಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ದೊಡ್ಡವರ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಲು ಹೊರಟವರಿಗೆ ನಮ್ಮ ಕಡೆ ಇಂಥದ್ದು ಒಂದಲ್ಲ ಒಂದು ಆಗುತ್ತಲೇ ಇರುತ್ತದೆ.

ಹನ್ನೆರಡು ಎಲೆ

ಎಸ್ಟೇಟಿಗೆ ಹೊಸ ಮ್ಯಾನೇಜರು ಬಂದಿದ್ದರು. ಹೊರರಾಜ್ಯದವರು, ಕನ್ನಡ ಬಾರದು. ಎಸ್ಟೇಟಿನ ಮಾಲೀಕರಾದ ಸಾಹುಕಾರರ ಮನೆ ಇದ್ದದ್ದು ಚಿಕ್ಕಮಗಳೂರಿನಲ್ಲಿ. ಒಂದು ದಿನ ಅವರು ಫೋನ್ ಮಾಡಿ, ನಾಳೆ ಬರುತ್ತೇನೆ ಅಂದರು. ಅದನ್ನು ತಿಳಿಸಲು ರೈಟರು ಮ್ಯಾನೇಜರ ಮೇಜಿನ ಮೇಲೆ ಇಂಗ್ಲಿಷ್ ಚೀಟಿ ಬರೆದಿಟ್ಟರು. ಸಾಹುಕಾರರನ್ನು ‘ಹಿ’ ಅಂದರೆ ‘ಅವನು’ ಅಂದ ಹಾಗಾಗುತ್ತದಲ್ಲ, ಅದಕ್ಕೆ ‘ಅವರು’ ಅನ್ನಲು ಚೀಟಿಯ ತುಂಬ ‘ದೇ’. ದೇ ಕಮಿಂಗ್ ಟುಮಾರೋ. ದೇ ಟೇಕ್ ಲಂಚ್. ದೇ ನಾಟ್ ಈಟ್ ಆನಿಯನ್.

ದಂಡೇ ಬರುತ್ತದೆಂದು ಮ್ಯಾನೇಜರು ಹನ್ನೆರಡು ಜನಕ್ಕೆ ಅಡುಗೆ ಮಾಡಿಸಿ, ಎಲೆ ಹಾಕಿಸಿ ಬಾಗಿಲಲ್ಲಿ ನಿಂತರು. ಜೀಪಿನಿಂದ ಇಳಿದದ್ದು ಸಾಹುಕಾರರು ಒಬ್ಬರೇ. ಸಾಲಾಗಿ ಹಾಕಿದ ಎಲೆ ನೋಡಿದರು, ಈರುಳ್ಳಿ ಇಲ್ಲದ ಪಲ್ಯ ನೋಡಿದರು, ರೈಟರ ಕಡೆ ತಿರುಗಿ ಮೆಲ್ಲಗೆ ಕೇಳಿದರಂತೆ: “ಯಾರ ತಿಥಿ ಮಾರಾಯ?”

ನಾಯಿಗೂ ಅದೇ

ಮ್ಯಾನೇಜರಿಗೆ ಮುಖಭಂಗವಾಯಿತು. ಸಾಹುಕಾರರು ಮುಂದಿನ ತಿಂಗಳು ಬಂದಾಗ ಅವರೆದುರೇ ರೈಟರಿಗೆ ಇಂಗ್ಲಿಷ್ ಪರೀಕ್ಷೆ, ತಪ್ಪಿದರೆ ಬೇರೆ ರೈಟರು ಎಂದು ಮ್ಯಾನೇಜರು ಅಂದುಬಿಟ್ಟರು. ಹದಿನೆಂಟು ವರ್ಷದ ಕೆಲಸ, ಅದರ ಜೊತೆ ಎಸ್ಟೇಟು ಕೊಟ್ಟ ಮನೆ, ಎರಡೂ ಹೋಗುವ ಮಾತು. ಶಾಲೆ ಬಿಟ್ಟ ಮೇಲೆ ಪಾಠ ಹೇಳಿಕೊಡಿ ಎಂದು ರೈಟರ ಹೆಂಡತಿ ನನ್ನನ್ನು ಕರೆದರು.

ರೈಟರು ಕೂತಲ್ಲಿ ಕೂರುವವರಲ್ಲ. ಜಗಲಿಯಿಂದ ಅಂಗಳ, ಅಂಗಳದಿಂದ ಜಗಲಿ. ಪುಸ್ತಕ ಹಿಡಿದು ನಾನೂ ಹಿಂದೆ ಹಿಂದೆ.

“ಒಬ್ಬರಾದ್ರೆ ‘ಹಿ’ ಅನ್ಬೇಕು.”

“ಸಾಹುಕಾರ್ರನ್ನೂನಾ ಮೇಡಂ?”

“ಅವರನ್ನೂ.”

“ಅವರ ಮನೆ ನಾಯಿಗೆ?”

“ಸಾಕಿದವರು ಪ್ರೀತಿಗೆ ಅದಕ್ಕೂ ‘ಹಿ’ ಅಂತಾರೆ.”

ರೈಟರು ನಿಂತರು. “ಅವರ ಉಪ್ಪು ತಿಂದು, ಅವರಿಗೂ ಅವರ ನಾಯಿಗೂ ಒಂದೇ ಪಂಕ್ತಿ ಹಾಕ್ಲಾ?” ಎಂದು ನಾಲ್ಕು ದಿನ ಪಾಠಕ್ಕೇ ಬರಲಿಲ್ಲ. ಹೆಂಡತಿ ಬೈದು ಕಳಿಸಿದ ಮೇಲೆ ಬಂದರು. ಆಮೇಲೆ ಅಡುಗೆಯವನು, ಡ್ರೈವರು, ಪೋಸ್ಟ್‌ಮ್ಯಾನು ಎಲ್ಲರಿಗೂ ತಡವರಿಸುತ್ತ ‘ಹಿ’ ಅಂದರು. ಮ್ಯಾನೇಜರಿಗೆ ಅನ್ನುವಾಗ ಮಾತ್ರ ನಾಲಿಗೆಗೆ ಬೆಣ್ಣೆ ಸವರಿದ ಹಾಗೆ ಬರುತ್ತಿತ್ತು. ಸಾಕು ಅಂದರೂ ಇನ್ನೊಮ್ಮೆ ಅನ್ನುತ್ತಿದ್ದರು.

ಪರೀಕ್ಷೆ

ಆ ದಿನ ಸಾಹುಕಾರರು ಕಾಫಿ ಒಣಗಿಸುವ ಕಣದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಲಿಸಿದವಳು ಎಂದು ನನ್ನನ್ನೂ ಕರೆಸಿದ್ದರು. ಸೆರಗಿನ ತುದಿ ಸುತ್ತುತ್ತ, ಬಿಚ್ಚುತ್ತ ಇದ್ದೆ.

ಮ್ಯಾನೇಜರು ಇಂಗ್ಲಿಷಿನಲ್ಲಿ ಕೇಳಿದ್ದು ಸುಲಭದ್ದೇ: ಸಾಹುಕಾರರು ಈವತ್ತು ತೋಟದಲ್ಲಿ ಏನೇನು ನೋಡಿದರು, ಏನಂದರು?

ರೈಟರು ಬಾಯಿ ತೆರೆದರು. ಎದುರಿಗೇ ಸಾಹುಕಾರರು. ಬಾಯಿ ಮುಚ್ಚಿದರು. “ಒನ್ ಮಿನಿಟ್ ಸಾರ್,” ಎಂದವರೇ ಕಣ ಬಳಸಿಕೊಂಡು ದಡದಡ ನಡೆದು ಗೋಡೌನಿನ ಹಿಂದೆ ಮಾಯವಾದರು. ಓಡಿಹೋದರೇ ಅಂದುಕೊಂಡೆ. ಅಷ್ಟರಲ್ಲಿ ಅಲ್ಲಿಂದ ದೊಡ್ಡ ದನಿ ಬಂತು:

“ಹಿ ಸಾ ದ ಪ್ಲಾಂಟ್ಸ್. ಹಿ ಸೆಡ್ ವೆರಿ ಗುಡ್. ಹಿ ಈಸ್ ಎ ಗುಡ್ ಮ್ಯಾನ್.”

ಒಂದೂ ತಪ್ಪಿಲ್ಲ. ರೈಟರು ವಾಪಸ್ ಬಂದು, ತಪ್ಪು ಮಾಡಿದವರ ಹಾಗೆ ಕೈಕಟ್ಟಿ ನಿಂತರು.

ಸಾಹುಕಾರರು ನನ್ನನ್ನು ಕೇಳಿದರು: “ಇವನು ಅಲ್ಲಿಗೆ ಯಾಕೆ ಹೋದ?”

“ನಿಮ್ಮೆದುರು ನಿಮ್ಮನ್ನ ಏಕವಚನದಲ್ಲಿ ಕರೆಯಕ್ಕೆ ಅವರಿಂದ ಆಗಲ್ಲ ಸಾರ್. ಅದಕ್ಕೆ ಮರೆಗೆ ಹೋಗಿ ಅಂದು ಬಂದ್ರು.”

ಸಾಹುಕಾರರು ಗೋಡೌನಿನ ಕಡೆ ಕೈ ತೋರಿಸಿದರು. “ಆ ಗೋಡೌನ್ ಹಿಂದೆ ನಿಂತು ನನ್ನನ್ನ ಏಕವಚನದಲ್ಲಿ ಬೈದವರು ಎಷ್ಟೋ ಜನ. ಅಲ್ಲಿಗೆ ಹೋಗಿ ಹೊಗಳಿದವನು ಇವನೊಬ್ಬನೇ. ಇವನನ್ನ ಬಿಟ್ರೆ ಇಂಥ ಇನ್ನೊಬ್ಬನ್ನ ಎಲ್ಲಿ ಹುಡುಕ್ಲಿ? ಇರ್ಲಿ ಬಿಡಿ,” ಎಂದರು. ಅದನ್ನು ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನೂ ಗೋಡೌನಿನ ಕಡೆ ಒಮ್ಮೆ ನೋಡಿದೆ.

ನೀವೂ ಇದನ್ನು ಇನ್ನೊಬ್ಬರಿಗೆ ಹೇಳಿ. ಹೇಳುವಾಗ ರೈಟರನ್ನು ಮಾತ್ರ ‘ಅವರು’ ಅಂತಲೇ ಅನ್ನಿ.